ಯಜಮಾನರ ಬೆನ್ನು

ಚೌಕಟ್ಟು ಇತ್ತು. ಗಾಜು ಇತ್ತು. ಒಳಗಿದ್ದ ಯಜಮಾನರು ಮಾತ್ರ ಇರಲಿಲ್ಲ.

ಪುರಭವನದ ಬಾಗಿಲು ತೆಗೆಯುವುದು, ಮುಚ್ಚುವುದು, ನಡುವೆ ಗುಡಿಸಿ ಒರೆಸುವುದು ಬೀಗದಕ್ಕನ ಕೆಲಸ. ಮೂವತ್ತೊಂದು ವರ್ಷ ಸೊಂಟಕ್ಕೆ ಕೀಲಿಗೊಂಚಲು ಕಟ್ಟಿಕೊಂಡು ಓಡಾಡಿದ್ದಕ್ಕೆ ಆ ಹೆಸರು. ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ದೀಪ ಹಾಕಿ, ಸಾಲಾಗಿ ಚಿತ್ರಗಳ ಗಾಜು ಒರೆಸುತ್ತ ಬಂದವರು ಇಪ್ಪತ್ಮೂರನೆಯದರ ಮುಂದೆ ನಿಂತುಬಿಟ್ಟರು. ಗಾಜಿನ ಹಿಂದೆ ಬಿಳಿ ಅಂಚಿನ ನಡುವೆ ಬರೀ ಕಂದು ರಟ್ಟು. ಕೆಳಗೆ ಹೆಸರಿನ ಚೀಟಿ ಹಾಗೇ ಇತ್ತು: ‘ಯಜಮಾನ, ಬೆಳಗಿನ ಬಿಸಿಲಲ್ಲಿ’.

ಅವರ ಜಾಗದಲ್ಲಿ ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದರು. ಬೀಗದಕ್ಕ ನೇರವಾಗಿ ಹೋಗಿ ಕಾರ್ಯದರ್ಶಿಗೆ ಹೇಳಿದರು. ಹೇಳಿದ್ದೇ ತಪ್ಪಾಯಿತು.

ಹತ್ತೂಕಾಲಿಗೆ ನಾವು ಹೋಗುವಷ್ಟರಲ್ಲಿ ಕಾರ್ಯದರ್ಶಿಯ ಮುಖ ಕೆಂಡವಾಗಿತ್ತು. ಮೈಮೇಲೆ ಹೊಸ ಗೆರೆಗೆರೆ ಕೋಟು. ಆ ಸೆಕೆಯಲ್ಲೂ ಗುಂಡಿ ಬಿಚ್ಚಿರಲಿಲ್ಲ, ಪುಣ್ಯಾತ್ಮ.

"ಕೀಲಿ ಇರೋದು ಒಂದೇ. ಅದು ಇರೋದು ಇವಳ ಸೊಂಟದಲ್ಲಿ. ಇನ್ನೇನು ತನಿಖೆ ಮೇಡಂ?" ಅಂದರು. "ನಾಲ್ಕು ಗಂಟೆಗೆ ದೊಡ್ಡ ಅಧಿಕಾರಿ ಬರ್ತಾರೆ. ಒಂದೊಂದು ಚಿತ್ರದ ಮುಂದೆ ನಿಂತು ನಾನೇ ವಿವರಿಸ್ತೀನಿ ಅಂತ ಮೊನ್ನೆ ವೇದಿಕೆ ಮೇಲೆ ಹೇಳಿಬಿಟ್ಟಿದ್ದೀನಿ. ನಾಲ್ಕರ ಒಳಗೆ ಚಿತ್ರ ಬರದಿದ್ದರೆ ಇವಳು ಮನೆಗೆ."

ಹೇಳಿದ್ದಷ್ಟೇ ಅಲ್ಲ, ಗೊಂಚಲು ಕಿತ್ತುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡಿದ್ದರು. ಬೀಗದಕ್ಕನ ಕೈ ಎರಡು ಸಲ ಬರೀ ಸೊಂಟ ತಡವಿಕೊಂಡಿತು. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು ಅವರಿಗೆ. ಕಳ್ಳಿ ಅನ್ನಿಸಿಕೊಂಡು ಹೋಗುವುದಕ್ಕೆ ಮೂವತ್ತೊಂದು ವರ್ಷ ದುಡಿಯಬೇಕಿತ್ತೇ?

ನಾನು ದಫೇದಾರ. ಬರೆದುಕೊಳ್ಳುವುದು ನನ್ನ ಕೆಲಸ. ನೋಡುವುದು ನಮ್ಮ ಇನ್ಸ್‌ಪೆಕ್ಟರ್ ಮೇಡಂ ಕೆಲಸ. ಅವರು ನೇರ ಇಪ್ಪತ್ಮೂರರ ಹತ್ತಿರ ಹೋದರು. ಗೋಡೆಯಿಂದ ಚೌಕಟ್ಟು ಇಳಿಸಿ ಮೇಜಿನ ಮೇಲೆ ಮಲಗಿಸಿದರು.

*

ಈ ಚಿತ್ರಗಳ ಕಥೆ ಸ್ವಲ್ಪ ಹೇಳಬೇಕು.

ಐದು ತಿಂಗಳ ಹಿಂದೆ ಪರದೇಶದ ಹೆಂಗಸೊಬ್ಬರು ನಮ್ಮೂರಿಗೆ ಬಂದಿಳಿದರು. ಅರವತ್ತರ ಪ್ರಾಯ, ಸವೆದ ಬೂಟು, ಅಂಗೈಯಷ್ಟು ಕ್ಯಾಮೆರಾ. ಅರಮನೆ, ಕೋಟೆ ಏನೂ ಕೇಳಲಿಲ್ಲ. ಬಸ್ ನಿಲ್ದಾಣದಲ್ಲಿ ಕೂತರು, ಚಪ್ಪಲಿ ಹೊಲಿಯುವವರ ಪಕ್ಕ ಕೂತರು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತರು. ಯಾರನ್ನೂ ನಗಿ ಅನ್ನಲಿಲ್ಲ, ನಿಲ್ಲಿ ಅನ್ನಲಿಲ್ಲ. ಊರವರು ಮೊದಲು ಮೂಗು ಮುರಿದರು, ಆಮೇಲೆ ‘ಕ್ಯಾಮೆರಾ ಅಮ್ಮ’ ಅಂತ ಹೆಸರಿಟ್ಟರು, ಆಮೇಲೆ ಮರೆತೇಬಿಟ್ಟರು. ಮರೆಯಲಿ ಅಂತಲೇ ಆಯಮ್ಮ ಕಾದಿದ್ದರಂತೆ.

ಮೊನ್ನೆ ಪ್ರದರ್ಶನ ಶುರುವಾದಾಗ ಊರಿಗೆ ಊರೇ ಮುಗಿಬಿತ್ತು. ನಲವತ್ತು ಕಪ್ಪುಬಿಳುಪು ಚಿತ್ರ. ಬಸ್ಸಿನ ಕಿಟಕಿಗೆ ಕೆನ್ನೆ ಒತ್ತಿ ನಿದ್ದೆ ಹೋದ ನರ್ಸು. ತಕ್ಕಡಿ ಎತ್ತಿ ಹಿಡಿದು ಆಕಳಿಸುತ್ತಿರುವ ಅಂಗಡಿಯವಳು. ನಾನೂ ಒಂದರಲ್ಲಿದ್ದೆ. ಟೊಪ್ಪಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಅದರ ಮುಂದೆ ಐದು ನಿಮಿಷ ನಿಂತು, "ಮನೇಲಿ ನೀವು ಹೀಗಿರಲ್ಲ ಬಿಡಿ" ಅಂದಳು. ಅದು ಹೊಗಳಿಕೆಯೋ ದೂರೋ ಇನ್ನೂ ತಿಳಿದಿಲ್ಲ.

ಒಂದು ತಮಾಷೆ. ಫೋಟೋ ಪ್ರದರ್ಶನದ ಬಾಗಿಲಲ್ಲೇ ‘ಒಳಗೆ ಫೋಟೋ ತೆಗೆಯಬಾರದು’ ಅಂತ ಹಲಗೆ. ಹೀಗಾಗಿ ಇಪ್ಪತ್ಮೂರರ ಪ್ರತಿ ಯಾರ ಹತ್ತಿರವೂ ಇರಲಿಲ್ಲ. ಕ್ಯಾಮೆರಾ ಅಮ್ಮ ರೀಲುಗಳನ್ನೆಲ್ಲ ತಿಂಗಳ ಹಿಂದೆಯೇ ತಮ್ಮ ದೇಶಕ್ಕೆ ಕಳಿಸಿಬಿಟ್ಟಿದ್ದರು.

ಮೇಡಂ ರಟ್ಟಿನ ಮೇಲೆ ಬಾಗಿದರು. ಚಿತ್ರದ ಕಾಗದವನ್ನು ಅಂಚಿನಲ್ಲಷ್ಟೇ ರಟ್ಟಿಗೆ ಅಂಟಿಸಿದ್ದರು. ಅಂಟಿದ ಅಂಚು ಸುತ್ತ ಬಿಳಿ ಪಟ್ಟಿಯಾಗಿ ಉಳಿದಿತ್ತು, ನಡುವಿನದನ್ನು ಕತ್ತರಿಸಿ ಒಯ್ದಿದ್ದರು.

"ರಟ್ಟಿನ ಮೇಲೆ ಒಂದು ಗೀರೂ ಇಲ್ಲ. ಬ್ಲೇಡ್ ಆಗಿದ್ದರೆ ಗೀರು ಬೀಳ್ತಿತ್ತು. ಕತ್ತರಿ ಇದು. ಅಮ್ಮಾ, ಸುತ್ತ ಎಷ್ಟು ಬಿಳಿ ಬಿಡ್ತೀರಿ ನೀವು?"

"ನಾನು ಮೂರು ಬೆರಳುಗಳಷ್ಟು ಬಿಳಿಯನ್ನು ಬಿಡುತ್ತೇನೆ" ಅಂದರು ಕ್ಯಾಮೆರಾ ಅಮ್ಮ. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವರು, ಮಾತಾಡಿದರೆ ವಾರ್ತೆ ಓದಿದ ಹಾಗಿರುತ್ತಿತ್ತು.

"ಇಲ್ಲಿ ಉಳಿದಿರೋದು ಎರಡು ಬೆರಳು. ಅಂದ್ರೆ ಚಿತ್ರದ ಅಂಚಿಗೆ ಕತ್ತರಿಸಿಲ್ಲ. ಒಂದು ಬೆರಳು ಬಿಟ್ಟು, ಗೆರೆ ಹಾಕ್ಕೊಂಡು, ನೆಟ್ಟಗೆ ಕತ್ತರಿಸಿದ್ದಾರೆ."

ಗೆರೆ ನನಗೂ ಕಂಡಿತು. ಬಿಳಿ ಪಟ್ಟಿಯ ಅಂಚಿನಲ್ಲಿ ಅಲ್ಲಲ್ಲಿ ನೀಲಿ, ಕೂದಲೆಳೆಯಷ್ಟು ಸಣ್ಣದು. ಮೇಡಂ ಬೆರಳಿಂದ ಉಜ್ಜಿದರು. ಹೋಗಲಿಲ್ಲ.

"ಸೀಮೆಸುಣ್ಣ!" ಅಂದೆ ನಾನು.

ಮೇಡಂ ಕಿಟಕಿಯ ಹತ್ತಿರ ಹೋದರು. ಕಿಟಕಿಗೆ ಹೊಸ ಕಪ್ಪು ಪರದೆ ಬಿಟ್ಟಿದ್ದರು. ಗಾಜಿನ ಮೇಲೆ ಬೆಳಕು ಹೊಳೆಯುತ್ತದೆ ಅಂತ ಅಮ್ಮ ಹೇಳಿದ್ದಕ್ಕೆ ನಿನ್ನೆ ಮಧ್ಯಾಹ್ನ ಒಂದಕ್ಕೇ ಭವನ ಮುಚ್ಚಿ ಹಾಕಿಸಿದ ಪರದೆ ಅದು. ಮೇಡಂ ಅದರ ಅಂಚು ಹಿಡಿದೆತ್ತಿದರು. ಚೌಕಟ್ಟಿನ ಹಿಂದಿನ ಎಂಟು ಸೂಜಿಮೊಳೆ ಅಲ್ಲಿದ್ದವು. ಬಟ್ಟೆಗೆ ಚುಚ್ಚಿ, ಒಂದೇ ಅಂತರದಲ್ಲಿ ಸಾಲಾಗಿ. ಮೇಡಂ ಅವುಗಳನ್ನು ತುಂಬ ಹೊತ್ತು ನೋಡಿದರು.

"ಅಮ್ಮಾ, ಆ ಚಿತ್ರದಲ್ಲಿ ಏನಿತ್ತು?"

"ಒಬ್ಬ ಮನುಷ್ಯನ ಬೆನ್ನು. ಒರಗು ಇಲ್ಲದ ಕಲ್ಲು ಬೆಂಚು. ಬಿಸಿಲು ಅವನ ಭುಜಗಳ ಮೇಲೆ ಬಿದ್ದಿತ್ತು. ಮುಖಗಳು ಕ್ಯಾಮೆರಾ ಕಂಡರೆ ನಟಿಸುತ್ತವೆ. ಬೆನ್ನಿಗೆ ನಟಿಸಲು ಬರುವುದಿಲ್ಲ. ಅವನು ಬಹಳ ದೊಡ್ಡ ಮನುಷ್ಯ ಎಂದು ಬೆನ್ನೇ ಹೇಳುತ್ತಿತ್ತು. ಆದ್ದರಿಂದ ಯಜಮಾನ ಎಂದು ಹೆಸರಿಟ್ಟೆ."

"ಯಾರು ಅವರು?"

"ನಾನು ಹೆಸರುಗಳನ್ನು ಕೇಳುವುದಿಲ್ಲ."

*

ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಬೀಗದಕ್ಕನ ಪಕ್ಕ ಮೇಡಂ ಹೋಗಿ ಕೂತರು.

"ಅಕ್ಕಾ, ನಿನ್ನೆ ಮುಚ್ಚಿದ ಮೇಲೆ ಯಾರನ್ನ ಒಳಗೆ ಬಿಟ್ರಿ?"

"ಯಾರನ್ನೂ ಇಲ್ಲ ತಾಯಿ."

"ಅಕ್ಕಾ."

ಅಕ್ಕನ ಕಣ್ಣು ತುಂಬಿತು. "ಇಬ್ಬರು ಬಂದಿದ್ರು. ಬಿಡಬಾರದು ಅಂತ ಆರ್ಡರ್ ಇತ್ತು. ಡ್ರಾಯಿಂಗ್ ಮೇಷ್ಟ್ರು ಬಂದು, ಅಭಿಪ್ರಾಯದ ಪುಸ್ತಕದಲ್ಲಿ ಬರೀಲೇಬೇಕು ಅಂತ ಹಟ ಮಾಡಿದ್ರು. ನನ್ನ ಮಗಳಿಗೆ ಪಾಠ ಹೇಳಿದೋರು, ಹೆಂಗೆ ಇಲ್ಲ ಅನ್ನಲಿ? ಆಮೇಲೆ ಮೂಲೆಯ ಇಸ್ತ್ರಿಯವನು. ಇಪ್ಪತ್ಮೂರನ್ನ ಇನ್ನೊಂದ್ಸಲ ನೋಡ್ತೀನಿ ಅಂತ ಗೋಗರೆದ. ಇದು ಗೊತ್ತಾದ್ರೆ ಅದಕ್ಕೂ ಕೆಲಸ ಹೋಗುತ್ತೆ. ಬರ್ಕೋತೀರಾ?"

ನಾನು ಬರೆದುಕೊಳ್ಳುತ್ತಿದ್ದೆ. ಮೇಡಂ ನನ್ನ ಪೆನ್ನಿನ ಮೇಲೆ ಕೈ ಇಟ್ಟರು. "ಪುಸ್ತಕ ಮುಚ್ಚಿ ದಫೇದಾರ್ರೇ."

ಮುಚ್ಚಿದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಬರೆಯದೆ ಬಿಟ್ಟದ್ದೇ ಹೆಚ್ಚು ಸರಿಯಿದೆ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

*

ಅಭಿಪ್ರಾಯದ ಪುಸ್ತಕದಲ್ಲಿ ಮೇಷ್ಟ್ರು ಒಂದು ಪುಟ ಪೂರ್ತಿ ಕಿಡಿಕಾರಿದ್ದರು. ‘ನಮ್ಮ ಜನ ಆಕಳಿಸುವುದನ್ನು, ತೂಕಡಿಸುವುದನ್ನು ಗಾಜಿನೊಳಗೆ ಹಾಕಿ ತೋರಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು? ಇಪ್ಪತ್ಮೂರನ್ನಂತೂ ಮೊದಲು ಇಳಿಸಿ.’

"ಸಿಕ್ಕಿಬಿದ್ದರು" ಅಂದೆ ನಾನು.

ಶಾಲೆಗೆ ಹೋದಾಗ ಮೇಷ್ಟ್ರ ಅಂಗಿಯ ಜೇಬಿನಲ್ಲಿ ನೀಲಿ ಸೀಮೆಸುಣ್ಣವೇ ಇಣುಕುತ್ತಿತ್ತು. ನನಗೆ ಒಳಗೊಳಗೇ ಖುಷಿ. ಮೇಡಂ ಅದನ್ನು ಇಸಿದುಕೊಂಡು ನನ್ನ ಪುಸ್ತಕದ ಮೇಲೆ ಒಂದು ಗೆರೆ ಎಳೆದರು. ದಪ್ಪ ಗೆರೆ. ಊದಿದರೆ ಪುಡಿ ಹಾರಿತು. ನನ್ನ ಖುಷಿಯೂ ಹಾರಿತು.

"ಇಪ್ಪತ್ಮೂರರ ಮೇಲೇಕೆ ಅಷ್ಟು ಸಿಟ್ಟು ಮೇಷ್ಟ್ರೇ?"

"ಕದ್ದಿದ್ದು ನಾನು ಅಂತೀರಾ? ಕದಿಯೋದಾದ್ರೆ ಆ ನರ್ಸಿನ ಚಿತ್ರ ಕದೀತಿದ್ದೆ" ಅಂದವರು ನಾಲಿಗೆ ಕಚ್ಚಿಕೊಂಡರು. ಬೈದು ಬರೆದವರಿಗೆ ನರ್ಸಿನ ಚಿತ್ರ ಹಿಡಿಸಿಬಿಟ್ಟಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು: "ನೋಡಿ, ಆಕೆಗೆ ಕಣ್ಣಿದೆ, ಒಪ್ಕೋತೀನಿ. ಆದ್ರೆ ಇಪ್ಪತ್ಮೂರರಲ್ಲಿ ಒಂದು ದೋಷ ಇತ್ತು. ಕಪ್ಪು ಗೆರೆ ಕೋಟು, ಅಷ್ಟು ಚೆನ್ನಾಗಿ ಬಿಸಿಲು. ಆದ್ರೆ ಬೆನ್ನಿನ ಕೆಳಗಡೆ, ಕೋಟಿಗೆ ಸೀಳು ಇರುತ್ತಲ್ಲ, ಅಲ್ಲಿ ಒಂದು ಬಿಳಿ ಗುಣಿಸು ಗುರುತು. ಸಣ್ಣದು. ಕಣ್ಣು ಸೀದಾ ಅಲ್ಲಿಗೇ ಹೋಗುತ್ತೆ. ಅಂಥದ್ದನ್ನ ಯಾರಾದ್ರೂ ಗೋಡೆಗೆ ಹಾಕ್ತಾರಾ?"

ಮೇಡಂ ಅಲ್ಲಿಂದಲೇ ಕ್ಯಾಮೆರಾ ಅಮ್ಮನಿಗೆ ಫೋನ್ ಮಾಡಿದರು.

"ಹೌದು, ಆ ಗುರುತು ಇತ್ತು" ಅಂದರು ಅಮ್ಮ. "ಅದು ಈ ದೇಶದ ಅಲಂಕಾರ ಎಂದು ತಿಳಿದಿದ್ದೆ. ಅಲ್ಲವೇ?"

ಮೇಡಂ ನಕ್ಕರು. ಬೆಳಗಿನಿಂದ ಅದೇ ಮೊದಲು.

*

ಇಸ್ತ್ರಿಯವನ ತಳ್ಳುಗಾಡಿ ಪುರಭವನದ ಎದುರು ಮೂಲೆಯಲ್ಲಿ. ನಮ್ಮನ್ನು ಕಂಡು ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟ. ಹೊಗೆ ಬಂದಮೇಲೆ ಎತ್ತಿದ.

"ಅಯ್ಯೋ ನಾನಲ್ಲ ಮೇಡಂ! ಆಯಮ್ಮನ್ನ ಒಂದು ಕಾಪಿ ಕೊಡಿ ಅಂತ ಕೇಳಿದ್ದು ನಿಜ. ಮೂಲೆಯಲ್ಲಿ ನನ್ನ ಗಾಡಿ ಬಂದಿತ್ತು ಆ ಫೋಟೋದಲ್ಲಿ. ನನ್ನ ಕೈಯಿಂದ ನೀರು ಹಾರ್ತಿರೋದು, ಹನಿ ಹನಿ ಕಾಣ್ತಿತ್ತು. ನಾನು ನೀರು ಚಿಮುಕಿಸೋದು ಅಷ್ಟು ಚೆಂದ ಅಂತ ನಂಗೇ ಗೊತ್ತಿರಲಿಲ್ಲ."

"ಆ ಯಜಮಾನರು ಯಾರಪ್ಪ?"

"ನಾನು ಗಿರಾಕಿಯ ಮುಖ ನೋಡೋನಲ್ಲ ಮೇಡಂ, ಬಟ್ಟೆ ನೋಡೋನು. ಅಷ್ಟು ಹೊಸ ಬಟ್ಟೆ ಈ ರಸ್ತೇಲಿ ಕಂಡಿಲ್ಲ. ಒಂದ್ಸಲ ಕೂತೆದ್ದ ಕೋಟಿಗೆ ಸೊಂಟದಲ್ಲಿ ಅಡ್ಡ ಸುಕ್ಕು ಬಿದ್ದೇ ಬೀಳುತ್ತೆ. ಅದಕ್ಕೆ ಒಂದೂ ಇಲ್ಲ! ಇನ್ನೊಂದು ಕೇಳಿ. ಅಂಥ ದೊಡ್ಡ ಮನುಷ್ಯ ಕೋಟಿನ ಕೆಳಗಿನ ತುದಿಯನ್ನ ಹಿಂದಕ್ಕೆ ಇಳಿಬಿಟ್ಟು ಕೂತಿದ್ದ. ಅದರ ಮೇಲೆ ಕೂತಿರಲಿಲ್ಲ. ದುಡ್ಡಿರೋನು ಹಾಗೆ ಕೂರಲ್ಲ ಮೇಡಂ. ಬಟ್ಟೆಗೆ ಹೆದರೋನು ಹಾಗೆ ಕೂರ್ತಾನೆ."

ಮೇಡಂ ನನ್ನ ಕಡೆ ತಿರುಗಿದರು. "ಪರದೆ ಹೊಲಿದೋರು ಯಾರು ದಫೇದಾರ್ರೇ?"

ನನ್ನ ತಲೆಯೊಳಗೆ ಆಗ ದೀಪ ಹತ್ತಿತು. ಇಷ್ಟು ಹೊತ್ತು ಯಾಕೆ ಹತ್ತಿರಲಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ಪರದೆಯವರನ್ನು ಬೀಗದಕ್ಕ ಲೆಕ್ಕಕ್ಕೆ ಹಿಡಿದಿರಲಿಲ್ಲ, ಯಾಕಂದರೆ ಅವರು ಅಪ್ಪಣೆ ಇದ್ದೇ ಬಂದವರು.

*

ಟೈಲರ್ ಅಂಗಡಿ ಎರಡು ಬೀದಿ ಆಚೆ. ಒಂದು ಹೊಲಿಗೆ ಯಂತ್ರ, ಒಂದು ಉದ್ದ ಕತ್ತರಿಸುವ ಮೇಜು, ಗೂಟದಲ್ಲಿ ಕಾಗದದ ಅಳತೆಗಳು. ಟೈಲರಿಗೆ ಅರವತ್ತು ದಾಟಿತ್ತು. ಬಾಯಲ್ಲಿ ಗುಂಡುಸೂಜಿ. ಹಳೆಯ ಅರ್ಧ ತೋಳಿನ ಅಂಗಿ. ಆದರೆ ಭುಜ ನೋಡಿದರೆ ಯಾವ ಸರದಾರನಿಗೂ ಕಮ್ಮಿಯಿರಲಿಲ್ಲ.

ಕ್ಯಾಮೆರಾ ಅಮ್ಮನೂ ನಮ್ಮ ಜೊತೆ ಬಂದಿದ್ದರು. ಟೈಲರ್ ಬೆನ್ನು ತಿರುಗಿಸಿ ಸ್ಟೂಲು ಎಳೆಯಲು ಬಾಗಿದ್ದೇ ತಡ, ಅಮ್ಮ ನನ್ನ ತೋಳು ಹಿಡಿದುಕೊಂಡರು.

ಮೇಡಂ ಮೇಜಿನ ಮೇಲಿದ್ದ ನೀಲಿ ಬಿಲ್ಲೆ ತೆಗೆದುಕೊಂಡರು. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ. ನನ್ನ ಪುಸ್ತಕದ ಮೇಲೆ ಗೆರೆ ಎಳೆದು ಉಜ್ಜಿದರು. ಕೂದಲೆಳೆಯಷ್ಟು ಗೆರೆ, ಹೋಗಲಿಲ್ಲ.

"ಬಾಯಿಂದ ಸೂಜಿ ತೆಗೀರಿ ಟೈಲರ್ರೇ. ನುಂಗಿಬಿಟ್ಟೀರಿ."

ಟೈಲರ್ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಅಂಚಿಗೆ ಚುಚ್ಚಿಕೊಂಡರು. ಒಂದೇ ಅಂತರದಲ್ಲಿ, ಸಾಲಾಗಿ.

"ನೋಡಿದ್ರಾ ದಫೇದಾರ್ರೇ?" ಅಂದರು ಮೇಡಂ. "ಬೇರೆ ಯಾರೇ ಆಗಿದ್ರೂ ಆ ಮೊಳೆಗಳನ್ನ ಕಿಟಕಿ ಮೇಲೆ ಇಡ್ತಿದ್ರು, ಇಲ್ಲ ಜೇಬಿಗೆ ಹಾಕ್ತಿದ್ರು. ಬಟ್ಟೆಗೆ ಚುಚ್ಚಿದ್ದು ಕೈಯ ಅಭ್ಯಾಸ. ಚಿತ್ರ ಬೇಕಾದವನು ಅಂಚಿಗೆ ಕತ್ತರಿಸ್ತಾನೆ, ಬೇಡದವನು ಹರಿದುಹಾಕ್ತಾನೆ. ಒಂದು ಬೆರಳು ಬಿಟ್ಟು ಕತ್ತರಿಸೋದು ಹೊಲಿಗೆಗೆ ಬಟ್ಟೆ ಬಿಡೋ ಮನುಷ್ಯ. ಇಷ್ಟು ನನಗೆ ಭವನದಲ್ಲೇ ಗೊತ್ತಾಯ್ತು. ಯಾಕೆ ಅನ್ನೋದು ಮಾತ್ರ ಗೊತ್ತಾಗಲಿಲ್ಲ. ಅದನ್ನ ಆ ಬಿಳಿ ಗುಣಿಸು ಹೇಳ್ತು."

"ಕಚ್ಚಾ ಹೊಲಿಗೆ" ಅಂದರು ಟೈಲರ್, ನೆಲ ನೋಡುತ್ತ.

"ಹೌದು. ಹೊಸ ಕೋಟಿನ ಸೀಳು ತೆರೆಯದ ಹಾಗೆ ಬಿಳಿ ದಾರ ಹಾಕ್ತೀರಿ. ಕೋಟು ಗಿರಾಕಿಗೆ ಕೊಡೋ ದಿನ ಕೀಳ್ತೀರಿ. ಅಂದ್ರೆ ಫೋಟೋದಲ್ಲಿದ್ದ ಕೋಟು ಇನ್ನೂ ಅಂಗಡಿ ದಾಟಿರಲಿಲ್ಲ. ಗಿರಾಕಿಗೆ ಕೊಡದೇ ಇರೋ ಕೋಟು ಬೀದಿಯ ಬೆಂಚಿನ ಮೇಲೆ ಯಾರ ಮೈಮೇಲೆ ಹೋಗುತ್ತೆ?"

ಟೈಲರ್ ಸ್ಟೂಲಿನ ಮೇಲೆ ಕುಸಿದರು.

"ನಲವತ್ತು ವರ್ಷ ಕೋಟು ಹೊಲಿದೆ ಮೇಡಂ. ಒಂದೂ ನಂದಲ್ಲ. ಈ ಒಂದು ಮಾತ್ರ... ಬಟ್ಟೆ ಸಾಲದೆ ಬೆನ್ನಿಗೆ ಎರಡು ತುಂಡು ಕೂಡಿಸಬೇಕಾಯ್ತು. ಗೆರೆಗೆ ಗೆರೆ ಕೂಡಿಸಿದೆ. ಹೊಲಿಗೆ ಎಲ್ಲಿದೆ ಅಂತ ನನಗೇ ಹುಡುಕಬೇಕು, ಅಷ್ಟು ಚೆನ್ನಾಗಿ ಬಂತು. ಕಾರ್ಯದರ್ಶಿಗಳ ಭುಜ, ನನ್ನ ಭುಜ ಒಂದೇ ಅಳತೆ. ಅದೇ ಅನಾಹುತ. ಭುಜ ಸರಿಯಾಗಿ ಕೂರುತ್ತಾ ನೋಡೋಣ ಅಂತ ಹಾಕ್ಕೊಂಡೆ. ಹಾಕ್ಕೊಂಡ ಮೇಲೆ ಒಳಗಿರೋಕೆ ಮನಸ್ಸಾಗಲಿಲ್ಲ. ಬೆಂಚಿನ ಮೇಲೆ ಹತ್ತೇ ನಿಮಿಷ ಕೂತೆ. ಇಬ್ಬರು ನನಗೆ ನಮಸ್ಕಾರ ಹೇಳಿ ಹೋದರು ಮೇಡಂ!"

"ಅದು ಕಾರ್ಯದರ್ಶಿಯ ಕೋಟಾ!" ಅಂದೆ ನಾನು, ಬಾಯಿ ತಡೆಯದೆ.

"ಮೊನ್ನೆ ಗೋಡೆ ಮೇಲೆ ನೋಡಿದಾಗ ಎದೆ ಧಸಕ್ ಅಂತು. ಇವತ್ತು ಅಧಿಕಾರಿಗೆ ಒಂದೊಂದೇ ವಿವರಿಸ್ತಾರಂತೆ. ಆ ಬೆನ್ನು ನೋಡಿದ್ರೆ ಮೊದಲ ನೋಟಕ್ಕೇ ಗುರುತು ಹಿಡೀತಾರೆ, ಅಂಥ ಹೊಲಿಗೆ ಈ ಊರಲ್ಲಿ ಬೇರೆ ಇಲ್ಲ. ಗಿರಾಕಿಯ ಕೋಟು ಹಾಕ್ಕೊಂಡು ಮೆರೆಯೋ ಟೈಲರ್ ಅಂತ ಆದ್ರೆ ಈ ಅಂಗಡಿಗೆ ಯಾರು ಬರ್ತಾರೆ? ನಿನ್ನೆ ಪರದೆ ಹಾಕೋವಾಗ, ಎಲ್ಲರೂ ಹೋದ್ಮೇಲೆ, ಕತ್ತರಿಸಿ ತಂದುಬಿಟ್ಟೆ. ಬೀಗದಕ್ಕನ ತಲೆಗೆ ಕಟ್ತಾರೆ ಅಂತ ಖಂಡಿತ ಅಂದ್ಕೊಂಡಿರಲಿಲ್ಲ. ಬೆಳಿಗ್ಗೆ ಕೇಳಿದಾಗಿಂದ ಒಂದು ತುತ್ತು ಇಳಿದಿಲ್ಲ. ಬಂದು ಹೇಳಬೇಕಿತ್ತು. ಹೆದರಿಬಿಟ್ಟೆ."

"ಹರಿದುಹಾಕಿದ್ರಾ?"

ಟೈಲರ್ ಮೇಡಂ ಮುಖ ನೋಡಿದ ರೀತಿ, ಕೇಳಬಾರದ್ದನ್ನು ಕೇಳಿದ ಹಾಗಿತ್ತು. ಎದ್ದು, ಕತ್ತರಿಸುವ ಮೇಜಿಗೆ ಹಾಸಿದ್ದ ಕಂಬಳಿ ಎತ್ತಿದರು. ಕೆಳಗೆ ಎರಡು ಬಿಳಿ ಬಟ್ಟೆಯ ನಡುವೆ ಚಿತ್ರ ಮಲಗಿತ್ತು. ಒಂದು ಮೂಲೆಯೂ ಮಡಚಿರಲಿಲ್ಲ.

"ಹೇಗೆ ಹರೀಲಿ ಮೇಡಂ? ನಾನು ಹೊಲಿದಿದ್ದು ಹೇಗೆ ಕಾಣುತ್ತೆ ಅಂತ ಅಷ್ಟು ಚೆನ್ನಾಗಿ ಇನ್ಯಾರು ತೋರಿಸಿದ್ದಾರೆ ನಂಗೆ?"

ಕ್ಯಾಮೆರಾ ಅಮ್ಮ ಮುಂದೆ ಬಂದು ಚಿತ್ರವನ್ನೂ ಟೈಲರನ್ನೂ ನೋಡಿದರು. "ನಾನು ದೂರು ಕೊಡುವುದಿಲ್ಲ" ಅಂದರು. "ಹೆಸರನ್ನು ಬದಲಾಯಿಸುವುದೂ ಇಲ್ಲ."

ಮೇಡಂ ಮಾತ್ರ ಬಿಡಲಿಲ್ಲ. "ದೂರು ಇಲ್ಲದಿದ್ರೆ ಕೇಸಿಲ್ಲ. ಆದ್ರೆ ತೆಗೆದದ್ದು ನಾನು ಅಂತ ನಿಮ್ಮ ಬಾಯಿಂದಲೇ ಬರಬೇಕು, ಬೀಗದಕ್ಕನ ಮುಂದೆ. ನಡೀರಿ."

*

ಮೂರೂಮುಕ್ಕಾಲಿಗೆ ಚಿತ್ರ ಗೋಡೆ ಸೇರಿತು. ಒಂದು ಬೆರಳು ಬಿಟ್ಟಿದ್ದರಿಂದಲೇ ಮತ್ತೆ ಅಂಟಿಸಲು ಬಂತು.

"ನಾನೇ ತೆಗೆದದ್ದು ಸಾರ್. ಬೀಗದಕ್ಕನಿಗೆ ಏನೂ ಗೊತ್ತಿಲ್ಲ" ಅಂದರು ಟೈಲರ್.

"ನೀನಾ? ನಿನಗ್ಯಾಕಯ್ಯ ಇದು?"

"ಆ ಕೋಟು..." ಅಂದು ಟೈಲರ್ ನಿಂತರು.

ಕಾರ್ಯದರ್ಶಿ ಚಿತ್ರದ ಹತ್ತಿರ ಹೋದರು. ಎರಡು ದಿನದಲ್ಲಿ ಮೊದಲ ಸಲ ಅವರು ಅದನ್ನು ನೋಡುತ್ತಿದ್ದದ್ದು. ಬಾಗಿದರು, ಹಿಂದೆ ಸರಿದರು, ಕನ್ನಡಕ ಏರಿಸಿಕೊಂಡರು.

"ಓಹೋ! ಕೋಟಿನ ಹೊಲಿಗೆ ನೋಡಿ ಕಲಿಯೋಕೆ ಕದ್ದೆಯಾ?" ಅಂದರು. "ಕಲೀಬೇಕಾದ್ದೇ ಬಿಡು! ಭುಜ ನೋಡು, ಹೇಗೆ ಕೂತಿದೆ. ಬೆನ್ನು ನೋಡು. ಗೆರೆ ನನ್ನ ಕೋಟಿನಂಥದ್ದೇ, ಆದ್ರೆ ನೀನು ನನಗೆ ಹೊಲಿದುಕೊಟ್ಟದ್ದಕ್ಕೂ ಇದಕ್ಕೂ ಅಜಗಜಾಂತರ. ಹೀಗಿರಬೇಕು ಕೋಟು ಅಂದ್ರೆ!"

ನನಗೆ ಆಗ ಹೊಳೆಯಿತು. ತನ್ನ ಕೋಟಿನ ಬೆನ್ನನ್ನು ಯಾರೂ ನೋಡಿಕೊಂಡಿರುವುದಿಲ್ಲ. ಅದನ್ನು ಚೆನ್ನಾಗಿ ನೋಡಿರುವವನು ಹೊಲಿದವನೊಬ್ಬನೇ. ಎಲ್ಲರ ಕಣ್ಣೂ ತನ್ನ ಕಣ್ಣೇ ಅಂದುಕೊಂಡಿದ್ದೇ ಆ ಬಡಪಾಯಿಯ ತಪ್ಪು.

"ಮುಂದಿನ ಸಲ ಚೆನ್ನಾಗಿ ಹೊಲೀತೀನಿ ಸಾರ್" ಅಂದರು ಟೈಲರ್. ಕಣ್ಣಲ್ಲಿ ನೀರಿತ್ತು. ಮುಖದಲ್ಲಿ ನಗುವೂ ಇತ್ತು.

"ಕೀಲಿ" ಅಂದರು ಮೇಡಂ, ಕೈ ಚಾಚಿ.

ಕಾರ್ಯದರ್ಶಿ ಗೊಂಚಲು ತೆಗೆದು ಮೇಡಂಗೆ ಕೊಡಹೋದರು. "ನನಗಲ್ಲ" ಅಂದರು ಮೇಡಂ. ಕಾರ್ಯದರ್ಶಿ ಮೂರು ಹೆಜ್ಜೆ ನಡೆದು ಬೀಗದಕ್ಕನ ಕೈಗೇ ಇಟ್ಟು, "ಗಡಿಬಿಡಿಯಲ್ಲಿ ಏನೋ ಅಂದೆ, ಹೊಟ್ಟೆಗೆ ಹಾಕ್ಕೋಮ್ಮ" ಅಂತ ಗೊಣಗಿದರು. ಹೊರಗೆ ಕಾರು ನಿಂತ ಸದ್ದಾಯಿತು. ಅಧಿಕಾರಿಯನ್ನು ಎದುರುಗೊಳ್ಳಲು ಅವರು ಬಾಗಿಲ ಕಡೆ ದಾಪುಗಾಲು ಹಾಕಿದರು.

ಹನ್ನೊಂದು ವರ್ಷದಿಂದ ಆ ಮನುಷ್ಯನ ಹಿಂದೆ ಹಿಂದೆಯೇ ನಡೆದು ಬಾಗಿಲು ಮುಚ್ಚಿದವರು ಬೀಗದಕ್ಕ. ಹೋಗುತ್ತಿರುವ ಬೆನ್ನನ್ನು ನೋಡಿದರು. ಗೋಡೆಯ ಮೇಲಿನ ಬೆನ್ನನ್ನು ನೋಡಿದರು. ಆಮೇಲೆ ಟೈಲರ್ ಭುಜವನ್ನು ನೋಡಿದರು.

"ಅಯ್ಯೋ ನಿನ್ನ!" ಅಂದರು ಮೆಲ್ಲಗೆ. ಟೈಲರ್ ಕೈ ಮುಗಿದರು.

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು, ಹೊಟ್ಟೆ ಕುಲುಕುವಷ್ಟು ನಕ್ಕರು. ನಗು ನಿಂತ ಮೇಲೆ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಟ್ಟೆ ತೆಗೆದುಕೊಂಡು ಇಪ್ಪತ್ಮೂರರ ಗಾಜನ್ನು ಇನ್ನೊಮ್ಮೆ ಒರೆಸಿದರು.